ಟವೆಲ್ ಕೆಳಗಿನ ಮಾತು

"ಲೋ, ಪ್ರಿಂಟರ್ ಯಾಕೋ ಅಲ್ಲಾಡ್ತಾನೇ ಇಲ್ಲ ಕಣೋ. ಅಂಗಡಿ ತುಂಬಾ ಮಕ್ಕಳು ನಿಂತಿದಾರೆ. ಬೇಗ ಬಾ."

ಜೂನ್ ತಿಂಗಳ ಒಂದು ಸೋಮವಾರ ಬೆಳಗ್ಗೆ ಅಕ್ಕ ಫೋನ್‌ನಲ್ಲಿ ಹೇಳಿದ್ದು ಇಷ್ಟೇ. ಅವಳದು ಗುಬ್ಬಿಯಲ್ಲಿ ಒಂದು ಸಣ್ಣ ಜೆರಾಕ್ಸ್ ಅಂಗಡಿ. ಡಿಟಿಪಿ, ಆನ್‌ಲೈನ್ ಅರ್ಜಿ, ಲ್ಯಾಮಿನೇಷನ್ ಎಲ್ಲಾ ಅಲ್ಲೇ. ಜೂನ್ ಅಂದರೆ ಅವಳಿಗೆ ಸುಗ್ಗಿ. ಕಾಲೇಜು ಅಡ್ಮಿಷನ್, ಸ್ಕಾಲರ್‌ಶಿಪ್, ಜಾತಿ ಆದಾಯ ಪ್ರಮಾಣಪತ್ರ ಎಲ್ಲಾ ಒಟ್ಟಿಗೆ ಬರುತ್ತವೆ. ನಾನು ಇರುವುದು ತುಮಕೂರಿನ ಎಸ್.ಎಸ್. ಪುರಂನಲ್ಲಿ. ತಿಂಡಿ ಬಿಟ್ಟು ಬೈಕ್ ಹತ್ತಿದೆ.

ಆ ಅಂಗಡಿಯ ಕಂಪ್ಯೂಟರ್‌ಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟವನು ನಾನೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲುತ್ತದೆ ಎಂದು ಮೈಕ್ರೋಸಾಫ್ಟ್ ಮೊದಲೇ ಹೇಳಿತ್ತು. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ಪೀಳಿಗೆಯ ಪ್ರೊಸೆಸರೋ ಅದಕ್ಕಿಂತ ಹೊಸದೋ ಬೇಕು. ಅಕ್ಕನ ಕಂಪ್ಯೂಟರ್ ನಾಲ್ಕನೇ ಪೀಳಿಗೆಯದು. ಕೆಲಸದಲ್ಲಿ ಏನೂ ಕೊರತೆ ಇಲ್ಲ. ನಾನೇ ಒಂದು ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್ ಹಾಕಿಸಿದ್ದೆ. ಅಷ್ಟು ಚೆನ್ನಾಗಿರುವುದನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಲಿನಕ್ಸ್ ಮಿಂಟ್ ಎಂಬ ಬಗೆಯನ್ನು ಹಾಕಿದೆ. ಎರಡು ತಿಂಗಳು ಒಂದು ದೂರೂ ಬರಲಿಲ್ಲ.

ಅಂಗಡಿಗೆ ಹೋದಾಗ ಕೌಂಟರ್ ಮುಂದೆ ಏಳೆಂಟು ಮಕ್ಕಳಿದ್ದರು. ಒಬ್ಬ ಹುಡುಗಿ ಪ್ಲಾಸ್ಟಿಕ್ ಕವರ್‌ನೊಳಗೆ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡು, ಅದು ಮಡಿಚಿಹೋಗದ ಹಾಗೆ ಎದೆಗೆ ಒತ್ತಿ ಹಿಡಿದಿದ್ದಳು. ಅವತ್ತೇ ಕೊನೆಯ ದಿನವಂತೆ. ನಾನು ಸ್ಟೂಲ್ ಎಳೆದು ಕೂತೆ. ಆದೇಶ ಟೈಪ್ ಮಾಡುವ ಟರ್ಮಿನಲ್ ಕಿಟಕಿ ತೆರೆದು ಯುಎಸ್‌ಬಿಗೆ ಏನೇನು ಸಿಕ್ಕಿಸಿದೆ ಎಂದು ಕೇಳಿದೆ. ಪಟ್ಟಿಯಲ್ಲಿ ಪ್ರಿಂಟರ್ ಹೆಸರು ಬಂತು. ಅಂದರೆ ವೈರು ಸರಿ ಇದೆ, ಕಂಪ್ಯೂಟರ್‌ಗೆ ಪ್ರಿಂಟರ್ ಕಾಣುತ್ತಿದೆ. ಆದರೆ ಪ್ರಿಂಟ್ ಕೊಟ್ಟರೆ ಪ್ರಿಂಟರ್ ಸುಮ್ನೆ ಕೂತಿದೆ. ಹಸಿರು ದೀಪ ಒಂದು ಸಲವೂ ಮಿಣುಕುತ್ತಿಲ್ಲ.

"ನಿನ್ನೆ ಏನಾದ್ರೂ ಮಾಡಿದ್ಯಾ ಅಕ್ಕ?"

"ಏನೂ ಇಲ್ಲ ಕಣೋ. ಅಪ್‌ಡೇಟ್ ಅಂತ ಬಂತು, ಒತ್ತಿದೆ. ನೀನೇ ಒತ್ತು ಅಂದಿದ್ಯಲ್ಲ."

ಆಗ ಗೊತ್ತಾಯಿತು. ಈ ಜಾತಿಯ ಅಗ್ಗದ ಲೇಸರ್ ಪ್ರಿಂಟರ್‌ಗಳು ನಮ್ಮ ಕಡೆಯ ಎಷ್ಟೋ ಅಂಗಡಿಗಳಲ್ಲಿವೆ. ಗಟ್ಟಿಮುಟ್ಟು, ಟೋನರ್ ರೀಫಿಲ್ ಸುಲಭ, ಹತ್ತು ವರ್ಷ ದುಡಿಯುತ್ತವೆ. ಆದರೆ ಅವಕ್ಕೆ ಸ್ವಂತ ನೆನಪಿಲ್ಲ. ಒಳಗೆ ಓಡಬೇಕಾದ ಫರ್ಮ್‌ವೇರ್, ಅಂದರೆ ಯಂತ್ರವನ್ನು ನಡೆಸುವ ತಂತ್ರಾಂಶ, ಪ್ರಿಂಟರ್‌ನಲ್ಲೇ ಇರುವುದಿಲ್ಲ. ಪ್ರತಿ ಸಲ ಸ್ವಿಚ್ ಹಾಕಿದಾಗ ಕಂಪ್ಯೂಟರ್ ಅದನ್ನು ಪ್ರಿಂಟರ್‌ಗೆ ಕಳಿಸಬೇಕು. ಕರೆಂಟ್ ಹೋಯಿತೋ, ಪ್ರಿಂಟರ್ ಎಲ್ಲಾ ಮರೆಯಿತು. ಕರೆಂಟ್ ಬಂದ ಮೇಲೆ ಮತ್ತೆ ಮೊದಲಿಂದ ಹೇಳಿಕೊಡಬೇಕು. ವಿಂಡೋಸ್‌ನಲ್ಲಿ ಇದು ಡ್ರೈವರ್, ಅಂದರೆ ಸಾಧನವನ್ನು ಕಂಪ್ಯೂಟರ್ ಜೊತೆ ಮಾತಾಡಿಸುವ ತಂತ್ರಾಂಶದ ಒಳಗೇ ಸದ್ದಿಲ್ಲದೆ ನಡೆಯುತ್ತದೆ, ಅದಕ್ಕೇ ಯಾರಿಗೂ ಗೊತ್ತಿಲ್ಲ. ಲಿನಕ್ಸ್‌ಗೂ ಪ್ರಿಂಟರ್ ಮಾಡಿದ ಕಂಪನಿಯವರೇ ಡ್ರೈವರ್ ಬರೆದಿದ್ದಾರೆ, ಅದರ ಕೋಡ್ ಯಾರು ಬೇಕಾದರೂ ನೋಡುವ ಹಾಗೆ ತೆರೆದಿದೆ. ಆದರೆ ಈ ಫರ್ಮ್‌ವೇರ್ ಮಾತ್ರ ಮುಚ್ಚಿದ ಪೊಟ್ಟಣ. ಅದನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು, ಡ್ರೈವರ್‌ನ ಆವೃತ್ತಿಗೂ ಅದಕ್ಕೂ ಸರಿಯಾಗಿ ತಾಳೆ ಆಗಬೇಕು. ಅಪ್‌ಡೇಟ್‌ನಲ್ಲಿ ಡ್ರೈವರ್ ಹೊಸದಾಗಿದೆ, ಪೊಟ್ಟಣ ಹಳೆಯದಾಗಿ ಉಳಿದಿದೆ. ಅಷ್ಟೇ ಕಥೆ.

ಹೊಸ ಪೊಟ್ಟಣ ಇಳಿಸಿ, ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದೆ. ಮೂರು ನಾಲ್ಕು ಸೆಕೆಂಡ್ ಏನೂ ಇಲ್ಲ. ಆಮೇಲೆ ಒಳಗಿನ ರೋಲರ್ ಒಂದು ಸುತ್ತು ಗುರ್ ಎಂದು ತಿರುಗಿತು. ಆ ಸದ್ದು ಕೇಳಿದರೆ ಸಾಕು, ಫರ್ಮ್‌ವೇರ್ ಹೋಗಿ ಕೂತಿದೆ ಎಂದು ಅರ್ಥ. ಹಿಂದೆಯೇ ಸಾಲುಗಟ್ಟಿ ನಿಂತಿದ್ದ ಅರ್ಜಿಗಳೆಲ್ಲ ಒಂದೊಂದಾಗಿ ಹೊರಗೆ ಬಂದವು. ಬಿಸಿ ಕಾಗದದ ವಾಸನೆ ಅಂಗಡಿ ತುಂಬಾ. ಆ ಹುಡುಗಿ ತನ್ನ ಅರ್ಜಿ ತಗೊಂಡು ಓಡಿದಳು.

ಅಕ್ಕನಿಗೆ ಮಾತ್ರ ಸಮಾಧಾನ ಆಗಲಿಲ್ಲ. "ಮುಂದಿನ ಸಲ ನೀನು ಊರಲ್ಲಿ ಇಲ್ಲದೇ ಇದ್ರೆ?" ಅಂದಳು. ಆ ಪ್ರಶ್ನೆಗೆ ಅವತ್ತು ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತಿದ್ದೆ. ಈ ಬರಹ ಆ ಯೋಚನೆಯಿಂದ ಬಂದದ್ದು.

"ಲಿನಕ್ಸ್‌ಗೆ ನನ್ನ ಪ್ರಿಂಟರ್ ಸಪೋರ್ಟ್ ಮಾಡುತ್ತಾ?" ಎಂದು ಜನ ನನ್ನನ್ನು ಕೇಳುತ್ತಾರೆ. ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು ಎಂದು ನನಗೆ ಅನ್ನಿಸುತ್ತದೆ. ಆ ಪ್ರಿಂಟರ್ ಮಾತಾಡುವ ಭಾಷೆಯನ್ನು ಮಾಡಿದವರು ಬೇರೆಯವರಿಗೂ ಹೇಳಿದ್ದಾರಾ, ಇಲ್ಲವಾ?

ಸಿದ್ಧಗಂಗೆಯ ಜಾತ್ರೆ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಶಿವರಾತ್ರಿ ಸಮಯಕ್ಕೆ ಅಲ್ಲಿ ದನದ ಜಾತ್ರೆ ಸೇರುತ್ತದೆ. ಚಿಕ್ಕವನಿದ್ದಾಗ ಅಪ್ಪ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸಿ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದು ಇಬ್ಬರ ಕೈಮೇಲೆ ಹೊದಿಸುತ್ತಾನೆ. ಟವೆಲ್ ಕೆಳಗೆ ಬೆರಳು ಹಿಡಿದು, ಬಿಟ್ಟು, ಮತ್ತೆ ಹಿಡಿದು ಲೆಕ್ಕ ನಡೆಯುತ್ತದೆ. ಸುತ್ತ ನಿಂತವರಿಗೆ ಎತ್ತು ಕಾಣುತ್ತದೆ, ಮುಖ ಕಾಣುತ್ತದೆ, ಬೆಲೆ ಮಾತ್ರ ಗೊತ್ತಾಗುವುದಿಲ್ಲ. ಎಷ್ಟೋ ಸಾಧನಗಳು ಕಂಪ್ಯೂಟರ್ ಜೊತೆ ಹೀಗೇ ಮಾತಾಡುತ್ತವೆ. ಡ್ರೈವರ್ ಅನ್ನುವುದು ಆ ದಲ್ಲಾಳಿ. ಅವನು ಬಂದರೆ ವ್ಯಾಪಾರ, ಬಾರದಿದ್ದರೆ ಎತ್ತು ಅಲ್ಲೇ, ದುಡ್ಡು ಇಲ್ಲೇ.

ಮಾತನ್ನು ಮುಚ್ಚಿಡಬೇಕೋ ತೆರೆದಿಡಬೇಕೋ ಅನ್ನುವ ಈ ಜಗಳ ಶುರುವಾದದ್ದೇ ಒಂದು ಪ್ರಿಂಟರ್‌ನಿಂದ. 1980ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಒಂದು ಬಂತು. ಕಾಗದ ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ಸ್ಟಾಲ್‌ಮನ್ ಹಿಂದಿನ ಪ್ರಿಂಟರ್‌ನ ಸಾಫ್ಟ್‌ವೇರ್ ತಿದ್ದಿ, ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರ ಪರದೆಗೆ ಸುದ್ದಿ ಹೋಗುವ ಹಾಗೆ ಮಾಡಿದ್ದರು. ಹೊಸದಕ್ಕೂ ಹಾಗೆ ಮಾಡೋಣ ಅಂದರೆ ಕೋಡ್ ಕೊಟ್ಟಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಆ ಕೋಡ್ ಇದ್ದವರನ್ನು ಕೇಳಿದರು. ಯಾರಿಗೂ ಕೊಡುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ ಅಂದರಂತೆ ಅವರು. ಆ ನೋವು ಸ್ಟಾಲ್‌ಮನ್ ಮನಸ್ಸಲ್ಲಿ ಉಳಿಯಿತು. 1983ರ ಸೆಪ್ಟೆಂಬರ್ 27ರಂದು ಅವರು ಎಲ್ಲರಿಗೂ ಕೋಡ್ ತೆರೆದಿರುವ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದರು. ನಮ್ಮೂರಲ್ಲಿ ಜೆರಾಕ್ಸ್ ಅಂದರೆ ನಕಲು ತೆಗೆಯುವುದು. ಕೋಡಿನ ನಕಲು ಸಿಗದ ಆ ದಿನದಿಂದ ಇಷ್ಟೆಲ್ಲಾ ಬೆಳೆಯಿತು ಎಂದು ಅಕ್ಕನಿಗೆ ಹೇಳಿದಾಗ ಅವಳು ಕೆಲಸ ನಿಲ್ಲಿಸಿ ಕೇಳಿದಳು.

ಲಿನಕ್ಸ್ ಹುಟ್ಟಿದಾಗಲೂ ಸಾಧನಗಳದೇ ಮಾತು. 1991ರ ಆಗಸ್ಟ್ 25ರಂದು ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಾನು ಹವ್ಯಾಸಕ್ಕೆ ಒಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇನೆ ಎಂದು ಬರೆದರು. ತನ್ನ ಹತ್ತಿರ ಇರುವ ಜಾತಿಯ ಹಾರ್ಡ್‌ಡಿಸ್ಕ್ ಬಿಟ್ಟು ಬೇರೆ ಯಾವುದಕ್ಕೂ ಇದು ಬಹುಶಃ ಯಾವತ್ತೂ ಸಪೋರ್ಟ್ ಮಾಡುವುದಿಲ್ಲ ಎಂದೂ ಅದರಲ್ಲಿ ಹೇಳಿದ್ದರು. ಆಮೇಲೆ ನಡೆದದ್ದು ಏನು ಅಂದರೆ, ಯಾರ ಹತ್ತಿರ ಯಾವ ಸಾಧನ ಇತ್ತೋ ಅವರೇ ಅದಕ್ಕೆ ಡ್ರೈವರ್ ಬರೆದರು. ತನ್ನ ಮನೆಯ ಮೋಡೆಮ್‌ಗೆ ಒಬ್ಬ, ತನ್ನ ಸೌಂಡ್ ಕಾರ್ಡ್‌ಗೆ ಇನ್ನೊಬ್ಬ.

ವೆಬ್‌ಕ್ಯಾಮ್ ಕಥೆಯಂತೂ ನನಗೆ ಬಹಳ ಇಷ್ಟ. ಇವತ್ತು ಹೆಚ್ಚುಕಡಿಮೆ ಯಾವ ವೆಬ್‌ಕ್ಯಾಮ್ ತಂದು ಸಿಕ್ಕಿಸಿದರೂ ಲಿನಕ್ಸ್‌ನಲ್ಲಿ ಮುಖ ಬರುತ್ತದೆ. ಇಪ್ಪತ್ತು ವರ್ಷದ ಹಿಂದೆ ಹಾಗಿರಲಿಲ್ಲ. ಒಂದೊಂದು ಚಿಪ್‌ಗೆ ಒಂದೊಂದು ಭಾಷೆ. ಆಗ ಫ್ರಾನ್ಸಿನ ಒಬ್ಬ ವೈದ್ಯರು ತಮ್ಮ ಬಿಡುವಿನ ವೇಳೆಯಲ್ಲಿ ಕೂತು 200ಕ್ಕೂ ಹೆಚ್ಚು ಮಾದರಿಯ ವೆಬ್‌ಕ್ಯಾಮ್‌ಗಳಿಗೆ ಡ್ರೈವರ್ ಬರೆದರು. ರೋಗಿಗಳನ್ನು ನೋಡಿ ಮನೆಗೆ ಬಂದು, ಟವೆಲ್ ಕೆಳಗೆ ಯಾವ ಬೆರಳು ಅಲುಗಾಡುತ್ತಿದೆ ಎಂದು ನೋಡುತ್ತಾ ಕೂರುವುದು ಅಂದರೆ ಎಂಥ ತಾಳ್ಮೆ ನೋಡಿ! ಅವರ ಕೆಲಸ 2008ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೇ ಸೇರಿತು. ಅದೇ ವರ್ಷ ಯುವಿಸಿ ಎಂಬ ಎಲ್ಲರಿಗೂ ಒಂದೇ ಆದ ಯುಎಸ್‌ಬಿ ವಿಡಿಯೋ ಭಾಷೆಗೂ ಕರ್ನಲ್‌ನಲ್ಲಿ ಡ್ರೈವರ್ ಬಂತು. ಆ ಭಾಷೆ ಮಾತಾಡುವ ಕ್ಯಾಮೆರಾಗಳೇ ಮಾರುಕಟ್ಟೆ ತುಂಬಿದ ಮೇಲೆ ತೊಂದರೆ ಹೆಚ್ಚುಕಡಿಮೆ ಮುಗಿಯಿತು.

ಕೀಬೋರ್ಡ್, ಮೌಸ್, ಪೆನ್‌ಡ್ರೈವ್ ಯಾವತ್ತೂ ಕೈಕೊಡದಿರುವುದೂ ಇದೇ ಕಾರಣಕ್ಕೆ. ಯುಎಸ್‌ಬಿ 1996ರಲ್ಲಿ ಬಂದ ಮೇಲೆ ಸಾಧನಗಳನ್ನು ಒಂದೊಂದು ವರ್ಗಕ್ಕೆ ಸೇರಿಸಿ, ಒಂದೊಂದು ವರ್ಗಕ್ಕೂ ಒಂದು ಬಹಿರಂಗ ಭಾಷೆ ಎಂದು ಒಪ್ಪಿಕೊಂಡರು. ಸ್ಯಾನ್‌ಡಿಸ್ಕ್‌ನ ಆ ಕೆಂಪು ಕಪ್ಪು ಕ್ರೂಸರ್ ಬ್ಲೇಡ್ ಪೆನ್‌ಡ್ರೈವ್ ಯಾರ ಮನೆಯಲ್ಲಿ ಇಲ್ಲ ಹೇಳಿ? ಸಿಕ್ಕಿಸಿದ ಕೂಡಲೇ ಅದು ತನ್ನ ಗುರುತು ಹೇಳುತ್ತದೆ. ಕಂಪನಿ ಸಂಖ್ಯೆ 0781, ಮಾದರಿ ಸಂಖ್ಯೆ 5567. ಜೊತೆಗೆ, ನಾನು ಸಂಗ್ರಹಣೆಯ ವರ್ಗದವನು ಎನ್ನುತ್ತದೆ. ಅಷ್ಟು ಸಾಕು. ಯಾವ ಕಂಪನಿ, ಯಾವ ಬಣ್ಣ ಎಂದು ಲಿನಕ್ಸ್ ಕೇಳುವುದೇ ಇಲ್ಲ.

ಆದರೆ ಕಂಪ್ಯೂಟರ್‌ಗೆ ವೈಫೈ ಬರಲು ಯುಎಸ್‌ಬಿಗೆ ಸಿಕ್ಕಿಸುವ ಡಾಂಗಲ್ ವಿಷಯ ಬೇರೆ. ಅದಕ್ಕೆ ಇಂಥ ಸಾಮಾನ್ಯ ವರ್ಗ ಇಲ್ಲ. ಒಳಗಿನ ಚಿಪ್ ಯಾವುದು ಅನ್ನುವುದೇ ಮುಖ್ಯ. ಪೆಟ್ಟಿಗೆ ಮೇಲೆ ಚಿಪ್ ಹೆಸರು ಬರೆದಿರುವುದಿಲ್ಲ. ಒಂದೇ ಹೆಸರು, ಒಂದೇ ಪೆಟ್ಟಿಗೆ, ಒಳಗೆ ಮಾತ್ರ ಎರಡನೇ ಆವೃತ್ತಿ, ಮೂರನೇ ಆವೃತ್ತಿ ಎಂದು ಬೇರೆ ಬೇರೆ ಚಿಪ್ ಇರುವುದುಂಟು. ನಾನು ಎಂ.ಜಿ. ರೋಡಿನ ಒಂದು ಅಂಗಡಿಯಲ್ಲಿ ಬೆರಳಿನ ಉಗುರಿನಷ್ಟು ಸಣ್ಣ ಡಾಂಗಲ್ ಒಂದನ್ನು ತಂದೆ. ಸಿಕ್ಕಿಸಿದರೆ ವೈಫೈ ಬರುವ ಬದಲು ಪರದೆ ಮೇಲೆ ಒಂದು ಸಿಡಿ ಡ್ರೈವ್ ಬಂತು! ಡಾಂಗಲ್ ಸಿಡಿಯ ವೇಷ ಹಾಕಿಕೊಂಡಿತ್ತು. ವಿಂಡೋಸ್‌ನವರಿಗೆ ಡ್ರೈವರ್ ಬೇರೆ ಹುಡುಕುವ ಕಷ್ಟ ಬೇಡ ಎಂದು ಮೊದಲು ಸಿಡಿಯ ಹಾಗೆ ಕಾಣಿಸಿಕೊಂಡು ತನ್ನ ಡ್ರೈವರ್ ತಾನೇ ಕೊಡುತ್ತದೆ, ಆಮೇಲೆ ವೇಷ ಕಳಚಿ ವೈಫೈ ಆಗುತ್ತದೆ. ಹಿಂದೆ 3ಜಿ ಡೇಟಾ ಕಾರ್ಡ್‌ಗಳ ಕಾಲದಲ್ಲಿ ಬಹಳಷ್ಟು ಹೀಗೇ ಇದ್ದವು. ಆಗ ಲಿನಕ್ಸ್‌ನವರು ವೇಷ ಕಳಚಿಸಲಿಕ್ಕೆಂದೇ ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಸಣ್ಣ ತಂತ್ರಾಂಶ ಬರೆದರು. ಆ ಸಿಡಿಯನ್ನು ಹೊರಹಾಕು ಎಂದು ಅದು ಡಾಂಗಲ್‌ಗೆ ಹೇಳಿದ ಕೂಡಲೇ ಡಾಂಗಲ್ ತನ್ನ ನಿಜವಾದ ರೂಪಕ್ಕೆ ಬರುತ್ತದೆ. ನನಗೆ ಅವತ್ತು ಸಂಜೆಯೆಲ್ಲಾ ಬೇಕಾಯಿತು, ಆದರೂ ಕೆಲಸ ಆಯಿತು.

ಅದಾದ ಮೇಲೆ ನಾನೊಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಅಂಗಡಿಗೆ ಹೋಗುವಾಗ ಲಿನಕ್ಸ್ ಮಿಂಟ್ ಇರುವ ಒಂದು ಪೆನ್‌ಡ್ರೈವ್ ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಅದರಿಂದ ಕಂಪ್ಯೂಟರ್ ಬೂಟ್ ಮಾಡಿದರೆ ಒಳಗಿನ ಡಿಸ್ಕ್ ಮುಟ್ಟದೇ ಲಿನಕ್ಸ್ ಓಡುತ್ತದೆ. ಲ್ಯಾಪ್‌ಟಾಪ್ ತಗೊಳ್ಳುವ ಮುಂಚೆ ಐದು ನಿಮಿಷ ಕೊಡಿ ಎಂದು ಅಂಗಡಿಯವರನ್ನು ಕೇಳುತ್ತೇನೆ. ವೈಫೈ ಹುಡುಕುತ್ತಾ, ಸೌಂಡ್ ಬರುತ್ತಾ, ಕ್ಯಾಮೆರಾ ತೆರೆಯುತ್ತಾ, ಮುಚ್ಚಿ ತೆರೆದರೆ ಎಚ್ಚರ ಆಗುತ್ತಾ. ಇಷ್ಟೇ ನೋಡುವುದು. ಒಪ್ಪದ ಅಂಗಡಿಯವರು ನನಗೆ ಇನ್ನೂ ಸಿಕ್ಕಿಲ್ಲ. ಒಬ್ಬರಂತೂ ತಮಗೂ ಒಂದು ಪೆನ್‌ಡ್ರೈವ್ ಮಾಡಿಕೊಡಿ ಅಂದರು.

ಪ್ರಿಂಟರ್‌ಗೆ ಇನ್ನೂ ಸುಲಭದ ಪ್ರಶ್ನೆ ಇದೆ. "ಫೋನ್‌ನಿಂದ ವೈಫೈ ಮೇಲೆ, ಕಂಪನಿಯ ಆ್ಯಪ್ ಹಾಕದೇ, ನೇರವಾಗಿ ಪ್ರಿಂಟ್ ಆಗುತ್ತಾ?" ಆಗುತ್ತದೆ ಅಂದರೆ ಆ ಪ್ರಿಂಟರ್ ಐಪಿಪಿ ಎಂಬ ಬಹಿರಂಗ ಭಾಷೆ ಮಾತಾಡುತ್ತದೆ. ಪೆಟ್ಟಿಗೆ ಮೇಲೆ ಏರ್‌ಪ್ರಿಂಟ್ ಎಂದು ಇದ್ದರೂ ಸರಿ. ಆಪಲ್ 2010ರಲ್ಲಿ ಏರ್‌ಪ್ರಿಂಟ್ ತಂದಾಗ ಐಫೋನ್‌ನಲ್ಲಿ ಒಂದೊಂದು ಪ್ರಿಂಟರ್‌ಗೂ ಡ್ರೈವರ್ ಇಡಲು ಆಗುತ್ತಿರಲಿಲ್ಲ. ಎಲ್ಲಾ ಪ್ರಿಂಟರ್‌ಗೂ ಒಂದೇ ಭಾಷೆ ಬೇಕಾಯಿತು. ಅದರ ಲಾಭ ಲಿನಕ್ಸ್‌ಗೂ ಸಿಕ್ಕಿತು. ಲಿನಕ್ಸ್‌ನಲ್ಲಿ ಪ್ರಿಂಟ್ ನೋಡಿಕೊಳ್ಳುವ ಕಪ್ಸ್ ಅನ್ನುವ ತಂತ್ರಾಂಶ ಮೈಕೆಲ್ ಸ್ವೀಟ್ ಎಂಬವರು 1997ರಲ್ಲಿ ಬರೆಯಲು ಶುರು ಮಾಡಿದ್ದು. ಆಪಲ್‌ನ ಮ್ಯಾಕ್‌ನಲ್ಲೂ ಅದೇ ಇದೆ. 2007ರಲ್ಲಿ ಅದರ ಕೋಡನ್ನು ಆಪಲ್ ಕೊಂಡುಕೊಂಡಿತು, ಆದರೂ ಅದು ಎಲ್ಲರಿಗೂ ತೆರೆದೇ ಉಳಿಯಿತು. ಅಕ್ಕನ ಪ್ರಶ್ನೆಗೆ ನನ್ನ ಉತ್ತರವೂ ಕೊನೆಗೆ ಇದೇ ಆಯಿತು. ದೀಪಾವಳಿಗೆ ಇಂಥ ಒಂದು ಪ್ರಿಂಟರ್ ತಂದು ಅಂಗಡಿಯಲ್ಲಿ ಇಟ್ಟೆವು. ಯಾವ ಡ್ರೈವರೂ ಹಾಕಲಿಲ್ಲ. ಪ್ಲಗ್ ಹಾಕಿ ವೈಫೈ ಕೊಟ್ಟ ಮೇಲೆ ಹೆಸರು ತಾನಾಗಿ ಪಟ್ಟಿಯಲ್ಲಿ ಬಂತು. ಹಳೆಯದೂ ಪಕ್ಕದಲ್ಲೇ ಇದೆ. ಕಪ್ಪು ಬಿಳುಪಿನ ನೂರಾರು ಪ್ರತಿ ಬೇಕಾದಾಗ ಅದನ್ನು ಮೀರಿಸುವುದು ಇಲ್ಲ.

ಟಿವಿ ಬಗ್ಗೆ ಒಂದು ಮಾತು. ಅಕ್ಕನ ಮಗಳು ಪಿಯುಸಿ ಓದುತ್ತಿದ್ದಾಳೆ. "ಮಾವ, ಲಿನಕ್ಸ್ ಅಂದ್ರೆ ಯಾರೂ ಯೂಸ್ ಮಾಡಲ್ಲ ಅಂತಾರಲ್ಲ?" ಎಂದು ಕೇಳಿದಳು. ರಿಮೋಟ್ ತಗೊಂಡು ಅವರ ಮನೆಯ ಟಿವಿಯ ಸೆಟ್ಟಿಂಗ್ಸ್‌ಗೆ ಹೋದೆ. ಕಾನೂನು ಮಾಹಿತಿ ಅನ್ನುವ ಕಡೆ, ಅದರೊಳಗೆ ಮುಕ್ತ ತಂತ್ರಾಂಶದ ಪರವಾನಗಿಗಳು. ಒತ್ತಿದರೆ ಉದ್ದಕ್ಕೆ ಪುಟ ಇಳಿಯಿತು. ಲಿನಕ್ಸ್ ಕರ್ನಲ್ ಹೆಸರು ಅಲ್ಲೇ ಇತ್ತು. ಎಲ್‌ಜಿಯ ವೆಬ್‌ಓಎಸ್, ಸ್ಯಾಮ್‌ಸಂಗ್‌ನ ಟೈಜೆನ್, ಆಂಡ್ರಾಯ್ಡ್ ಟಿವಿ ಎಲ್ಲದರ ಹೊಟ್ಟೆಯಲ್ಲೂ ಇರುವುದು ಲಿನಕ್ಸೇ. ಅವಳ ಕೈಯಲ್ಲಿದ್ದ ಆಂಡ್ರಾಯ್ಡ್ ಫೋನ್‌ನಲ್ಲೂ ಅದೇ. ಅವಳು ರಿಮೋಟ್ ಕಿತ್ತುಕೊಂಡು ಆ ಪುಟವನ್ನು ಕೊನೆಯವರೆಗೂ ಇಳಿಸಿ ನೋಡಿದಳು.

ಆ ಪುಟ ಅಲ್ಲಿ ಇರುವುದಕ್ಕೂ ಕಾರಣ ಇದೆ. ಲಿನಕ್ಸ್ ಕೊಡುವುದು ಜಿಪಿಎಲ್ ಎಂಬ ಷರತ್ತಿನ ಮೇಲೆ. ಬಳಸಿ, ಮಾರಿ, ಬದಲಾಯಿಸಿ, ಆದರೆ ಕೊಂಡವನು ಕೇಳಿದರೆ ಕೋಡ್ ಕೊಡಬೇಕು. 2002ರ ಕೊನೆಗೆ ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ ಕಪ್ಪು ರೌಟರ್ ಬಂತು. ಒಳಗೆ ಲಿನಕ್ಸ್ ಇದೆ ಎಂದು ಜನ ಕಂಡುಹಿಡಿದರು, ಕೋಡ್ ಕೇಳಿದರು. 2003ರಲ್ಲಿ ಕೋಡ್ ಹೊರಗೆ ಬಂತು. ಅದನ್ನು ಹಿಡಿದು 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಯೋಜನೆ ಶುರುವಾಯಿತು. ಇವತ್ತು ನೂರಾರು ಮಾದರಿಯ ರೌಟರ್‌ಗಳಿಗೆ ಅದನ್ನು ಹಾಕಬಹುದು. ಕಂಪನಿ ಅಪ್‌ಡೇಟ್ ಕೊಡುವುದು ನಿಲ್ಲಿಸಿದ ಮೇಲೂ ರೌಟರ್ ಬದುಕುತ್ತದೆ. ನಮ್ಮ ಮನೆಯ ರೌಟರ್ ಹಾಗೇ ನಡೆಯುತ್ತಿದೆ.

ಸ್ಮಾರ್ಟ್ ಬಲ್ಬ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎದುರಿಗೇ ನೇತಾಡುವ ದೀಪವನ್ನು ಹತ್ತಿಸಲು ನನ್ನ ಮಾತು ಎಲ್ಲೋ ಇರುವ ಸರ್ವರ್‌ಗೆ ಹೋಗಿ ಬರಬೇಕು ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಮನೆಯೊಳಗೇ ಮಾತು ಮುಗಿಯುವಂಥದ್ದನ್ನು ತಗೊಳ್ಳಿ. 2022ರಲ್ಲಿ ಬಂದ ಮ್ಯಾಟರ್ ಎಂಬ ಗುಣಮಟ್ಟ ಅದಕ್ಕಾಗಿಯೇ ಇದೆ.

ಎಲ್ಲಾ ಸರಿಹೋಯಿತು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಅಕ್ಕನ ಅಂಗಡಿಯ ಮೂಲೆಯಲ್ಲಿ ಈಗಲೂ ಒಂದು ವಿಂಡೋಸ್ ಕಂಪ್ಯೂಟರ್ ಇದೆ, ಇರಲೇಬೇಕು. ಅಲ್ಲಿನ ಬೆರಳಚ್ಚು ಯಂತ್ರದ ಜೊತೆ ಬಂದ ತಂತ್ರಾಂಶ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ ಮಾತ್ರ. ಇನ್ನೊಂದು ತೊಡಕು, ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ. ಅಫಿಡವಿಟ್, ಕರಾರು ಪತ್ರ, ವಂಶವೃಕ್ಷದ ನಮೂನೆ ಎಂದು ಅವಳ ಹತ್ತಿರ ಹದಿನೈದು ವರ್ಷದ ಕಡತಗಳಿವೆ. ಎಲ್ಲಾ ನುಡಿಯ ಹಳೆಯ ಆಸ್ಕಿ ಅಕ್ಷರದಲ್ಲಿ. ಅದರಲ್ಲಿ ಕನ್ನಡದ ಅಕ್ಷರ, ಗುಣಿತದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಇಂಗ್ಲಿಷ್ ಕಸ ಕಾಣುತ್ತದೆ. ಎಲ್ಲಾ ಕಂಪ್ಯೂಟರ್‌ಗೂ ಅರ್ಥವಾಗುವ ಯುನಿಕೋಡ್‌ಗೆ ಬದಲಾಯಿಸುವ ತಂತ್ರಾಂಶಗಳಿವೆ, ಒಂದೊಂದೇ ಕಡತ ಬದಲಾಯಿಸುತ್ತಾ ಇದ್ದೇವೆ. ಹೊಸದಾಗಿ ಟೈಪ್ ಮಾಡುವುದಕ್ಕೆ ಲಿನಕ್ಸ್‌ನಲ್ಲಿ ಅವಳಿಗೆ ಅಭ್ಯಾಸ ಇರುವ ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆಯೇ ಇದೆ, ಬೆರಳು ಹೊಸದು ಕಲಿಯಬೇಕಾಗಿಲ್ಲ. ಮೊದಲ ದಿನ ಫಾಂಟ್ ಪಟ್ಟಿ ತೆರೆದಾಗ ಅವಳ ಕಣ್ಣಿಗೆ ಬಿದ್ದದ್ದು ಗುಬ್ಬಿ ಎಂಬ ಹೆಸರು. ಕನ್ನಡಿಗರು ಮಾಡಿ ಎಲ್ಲರಿಗೂ ಉಚಿತವಾಗಿ ಬಿಟ್ಟ ಅಕ್ಷರ ಅದು. ಅದರ ಜೊತೆಗಾರ ಫಾಂಟ್‌ನ ಹೆಸರು ನವಿಲು, ಹಾಗಾಗಿ ಗುಬ್ಬಿ ಅಂದರೆ ಅಲ್ಲಿ ಹಕ್ಕಿ ಇರಬೇಕು. ಆದರೂ ಅಕ್ಕ "ನಮ್ಮೂರ ಹೆಸರು ಇದೆ ಕಣೋ" ಎಂದು ಬಂದ ಗಿರಾಕಿಗಳಿಗೆಲ್ಲ ತೋರಿಸಿದಳು. ಅಂಗಡಿಯ ರಸೀದಿ ಈಗ ಅದೇ ಅಕ್ಷರದಲ್ಲಿ ಬರುತ್ತದೆ.

ಈಗ ನಾನು ನಿಜವಾಗಿ ಹೇಳಬೇಕು ಅಂದುಕೊಂಡಿದ್ದಕ್ಕೆ ಬರುತ್ತೇನೆ.

ಅಪ್ಪ ಪತ್ರ ಬರಹಗಾರರಾಗಿದ್ದರು. ಕ್ರಯಪತ್ರ, ವಿಭಾಗ ಪತ್ರ, ಅಡಮಾನ ಪತ್ರ ಬರೆಯುವುದು ಅವರ ಕೆಲಸ. 2006ರಲ್ಲಿ ಅವರು ಒಂದು ಸ್ಕ್ಯಾನರ್ ಕೊಂಡರು. ತೆಳ್ಳಗೆ, ಒಂದು ದೊಡ್ಡ ಪುಸ್ತಕದಷ್ಟು. ಬೇರೆ ಕರೆಂಟ್ ಬೇಡ, ಯುಎಸ್‌ಬಿ ವೈರಿನಲ್ಲೇ ನಡೆಯುತ್ತದೆ. ಹಳೆಯ ಪಹಣಿ, ಮಡಿಕೆ ಬಿದ್ದ ಛಾಪಾ ಕಾಗದ ಎಲ್ಲಾ ಅದರ ಗಾಜಿನ ಮೇಲೆ ಮಲಗಿಸಿ ಪ್ರತಿ ತೆಗೆದು ಇಡುತ್ತಿದ್ದರು. ಗಾಜು ಒರೆಸಲು ಒಂದು ಮೆತ್ತನೆ ಬಟ್ಟೆ ಬೇರೆ ಇಟ್ಟಿದ್ದರು, ಅದನ್ನು ಇನ್ಯಾರೂ ಮುಟ್ಟುವಂತಿರಲಿಲ್ಲ. ಆಮೇಲೆ ಹೊಸ ಕಂಪ್ಯೂಟರ್ ಬಂತು. 64-ಬಿಟ್ ವಿಂಡೋಸ್. ಸ್ಕ್ಯಾನರ್‌ನ ಡ್ರೈವರ್ 32-ಬಿಟ್‌ನದು. 64-ಬಿಟ್ ವಿಂಡೋಸ್ ಅಂಥ ಡ್ರೈವರನ್ನು ಒಳಗೆ ಬಿಡುವುದಿಲ್ಲ. ಆ ಮಾದರಿಗೆ ಹೊಸ ಡ್ರೈವರ್ ನಮಗೆ ಎಲ್ಲೂ ಸಿಗಲಿಲ್ಲ. ಸ್ಕ್ಯಾನರ್‌ನಲ್ಲಿ ಒಂದು ಗೀರೂ ಇರಲಿಲ್ಲ. ಅಪ್ಪ ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. "ಯಂತ್ರ ಚೆನ್ನಾಗೇ ಇದೆ, ಮಾತಾಡ್ಸೋರು ಇಲ್ಲ" ಅಂದಿದ್ದರು. ನಾಲ್ಕು ವರ್ಷದ ಹಿಂದೆ ಅಪ್ಪ ಹೋದರು.

ಹೋದ ಚಳಿಗಾಲದಲ್ಲಿ ಅಟ್ಟ ಖಾಲಿ ಮಾಡುವಾಗ ಆ ಗಂಟು ಸಿಕ್ಕಿತು. ಬಿಚ್ಚಿದೆ. ಮೆತ್ತನೆ ಬಟ್ಟೆಯೂ ಒಳಗೇ ಇತ್ತು. ಗಾಜು ಒರೆಸಿ, ವೈರ್ ಹುಡುಕಿ, ನನ್ನ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದೆ. ಏನೂ ಇಳಿಸಲಿಲ್ಲ, ಏನೂ ಹಾಕಲಿಲ್ಲ. ಡಾಕ್ಯುಮೆಂಟ್ ಸ್ಕ್ಯಾನರ್ ಎಂಬ ಆ್ಯಪ್ ತೆರೆದು ಸ್ಕ್ಯಾನ್ ಒತ್ತಿದೆ. ಗಾಜಿನ ಕೆಳಗೆ ದೀಪ ಹತ್ತಿತು. ಮೊದಲು ತುಸು ತಡವರಿಸಿ, ಆಮೇಲೆ ಕರ್ರ್ ಎಂದು ಒಂದೇ ಸಮನೆ ಮೇಲಿನಿಂದ ಕೆಳಗೆ ಸರಿಯಿತು.

ಇದು ಹೇಗೆ ಆಯಿತು ಎಂದು ನೋಡಿದೆ. ಲಿನಕ್ಸ್‌ನಲ್ಲಿ ಸ್ಕ್ಯಾನರ್‌ಗಳನ್ನು ನೋಡಿಕೊಳ್ಳುವುದು ಸೇನ್ ಎಂಬ ಯೋಜನೆ. 1990ರ ದಶಕದಿಂದ ನಡೆಯುತ್ತಾ ಬಂದಿದೆ. ಈ ಜಾತಿಯ ಚಿಪ್‌ನ ಮಾತನ್ನು ಯಾರೋ ಆಗಲೇ ಕಲಿತು ಕೋಡ್ ಬರೆದಿಟ್ಟಿದ್ದರು. ಕೋಡ್ ತೆರೆದಿದ್ದರಿಂದ ಕಂಪ್ಯೂಟರ್‌ಗಳು 32-ಬಿಟ್‌ನಿಂದ 64-ಬಿಟ್‌ಗೆ ಹೋದಾಗ ಅದನ್ನು ಹೊಸ ಯಂತ್ರಕ್ಕೆ ಅರ್ಥವಾಗುವ ಹಾಗೆ ಮತ್ತೆ ಕಂಪೈಲ್ ಮಾಡಿದರು, ಅಷ್ಟೇ. ಇದೇ ಸ್ಕ್ಯಾನರ್ ರಾಸ್ಪ್‌ಬೆರಿ ಪೈ ಎಂಬ ನನ್ನ ಅಂಗೈಯಗಲದ ಕಂಪ್ಯೂಟರ್‌ನಲ್ಲೂ ಓಡಿತು. ಅದರಲ್ಲಿರುವುದು ಇಂಟೆಲ್ ಜಾತಿಯ ಪ್ರೊಸೆಸರೇ ಅಲ್ಲ, ಆರ್ಮ್. ಆ ಕೋಡ್ ಬರೆದವರಿಗೆ ತುಮಕೂರು ಎಲ್ಲಿದೆ ಎಂದು ಗೊತ್ತಿರಲಿಕ್ಕಿಲ್ಲ. ಅಪ್ಪನ ಸ್ಕ್ಯಾನರ್ ಅಟ್ಟದಲ್ಲಿ ಮಲಗಿದ್ದ ಅಷ್ಟೂ ವರ್ಷ ಯಾರೋ ಅದರ ಮಾತನ್ನು ಮರೆಯದೇ ಕಾಪಾಡಿಕೊಂಡು ಬಂದಿದ್ದರು. ಇದನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಒಂದೇ ಒಂದು ಕೊರಗು. ಅಪ್ಪ ಇದ್ದಾಗಲೇ ನಾನು ಇದನ್ನು ಪ್ರಯತ್ನಿಸಬಹುದಿತ್ತು. ಲಿನಕ್ಸ್ ಆಗಲೂ ನನ್ನ ಹತ್ತಿರ ಇತ್ತು. ಹೊಳೆಯಲೇ ಇಲ್ಲ. ಹೊಸ ಸಾಧನ ಲಿನಕ್ಸ್‌ನಲ್ಲಿ ನಡೆಯುತ್ತಾ ಎಂದು ನಾವೆಲ್ಲ ಕೇಳುತ್ತೇವೆ. ಹಳೆಯದನ್ನು ತೆಗೆದು ಸಿಕ್ಕಿಸಿ ನೋಡುವವರು ಕಡಿಮೆ. ನಿಮ್ಮ ಅಟ್ಟದಲ್ಲೂ ಏನಾದರೂ ಇದ್ದೀತು, ಬಿಚ್ಚಿ ನೋಡಿ.

ಈಗ ವಾರಕ್ಕೆ ಒಂದು ಸಂಜೆ ಅಮ್ಮ ಮತ್ತು ನಾನು ಅಪ್ಪನ ಲೆಕ್ಕದ ಪುಸ್ತಕಗಳನ್ನು ಸ್ಕ್ಯಾನ್ ಮಾಡುತ್ತೇವೆ. ಪತ್ರಗಳ ನಡುವೆ ಅವರು ಮನೆಯ ವಿಷಯವನ್ನೂ ಬರೆದಿಡುತ್ತಿದ್ದರು. ಮಳೆ ಬಂದ ದಿನ, ಅಕ್ಕನ ಮದುವೆಗೆ ತಂದ ಸಾಮಾನು, ತೆಂಗಿನಕಾಯಿ ಕೆಡವಿದ ಲೆಕ್ಕ. 300 ಡಿಪಿಐನಲ್ಲಿ ಒಂದು ಪುಟಕ್ಕೆ ಅರ್ಧ ನಿಮಿಷ ಬೇಕು. ಪುಟ ತಿರುಗಿಸುವ ಕೆಲಸ ಅಮ್ಮನದು. ಮೊನ್ನೆ ಪರದೆ ಮೇಲೆ ಒಂದು ಪುಟವನ್ನು ದೊಡ್ಡದು ಮಾಡಿ ತೋರಿಸಿದೆ. ಅಮ್ಮ ಕನ್ನಡಕ ಸರಿ ಮಾಡಿಕೊಂಡು ಹತ್ತಿರ ಬಂದರು.

"ನೋಡು, ಳ ಬರೆದ್ರೆ ಬಾಲ ಹೀಗೆ ಉದ್ದಕ್ಕೆ ಎಳೀತಿದ್ರು. ಎಷ್ಟು ಸಲ ಹೇಳಿದೀನಿ, ಪಕ್ಕದ ಅಕ್ಷರಕ್ಕೆ ತಾಗುತ್ತೆ ಅಂತ."

ಬೆರಳನ್ನು ಪರದೆ ಮೇಲೆ ಇಟ್ಟು ಆ ಬಾಲದ ಉದ್ದಕ್ಕೂ ಒಮ್ಮೆ ಎಳೆದರು. ಆಮೇಲೆ ಮೆತ್ತನೆ ಬಟ್ಟೆ ತಗೊಂಡು ಗಾಜು ಒರೆಸಿ, ಮುಂದಿನ ಪುಟ ಮಗುಚಿ ಮಲಗಿಸಿದರು.